ಅರಿಶಿನ-ಸುಣ್ಣದ ನೆತ್ತರು, ಹಸಿರು ಬಟ್ಟೆಯ ಆಕಾಶ

ಗೊರವನಹಳ್ಳಿಯ ಲಕ್ಷ್ಮಿ ಗುಡಿಗೆ ಬರುವವರಲ್ಲಿ ಇಂದು ಫೋನ್ ಎತ್ತಿ ವಿಡಿಯೊ ಮಾಡದವರು ಕಡಿಮೆ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಹುಡುಗರು ಅದೇ ಫೋನಿನಲ್ಲಿ ಮಾಯವಾಗುತ್ತಾರೆ, ಗಾಳಿಯಲ್ಲಿ ಹಾರುತ್ತಾರೆ, ಒಬ್ಬರಿದ್ದವರು ಇಬ್ಬರಾಗುತ್ತಾರೆ. ಇದೆಲ್ಲ ಆ್ಯಪ್‌ಗಳು ಕೊಟ್ಟ ವರವೆಂದೇ ಎಲ್ಲರ ನಂಬಿಕೆ. ನನಗೆ ಹಾಗನ್ನಿಸುವುದಿಲ್ಲ. ಈ ವಿದ್ಯೆಯ ಬೇರು ಇದೇ ಸೀಮೆಯ ನಾಟಕದ ಅಟ್ಟದ ಮೇಲಿದೆ.

1884ರಲ್ಲಿ ಶುರುವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ತುಮಕೂರು ಜಿಲ್ಲೆಯದೇ. ಅದನ್ನು ಮುನ್ನಡೆಸಿದ ಗುಬ್ಬಿ ವೀರಣ್ಣನವರ ಕಾಲದಲ್ಲಿ 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದವು. ಅಷ್ಟು ದುಡ್ಡಿಲ್ಲದ ಹಳ್ಳಿಗಳು ಬಾಡಿಗೆ ಸೀನರಿ, ಬಣ್ಣದ ಬಲ್ಬು, ಸಾಂಬ್ರಾಣಿ ಹೊಗೆಗಳಲ್ಲೇ ದೇವಲೋಕವನ್ನು ಇಳಿಸಿದವು. ಹಬ್ಬ, ಜಾತ್ರೆಗೆ ಪೌರಾಣಿಕ ನಾಟಕ ಕಲಿತು ಆಡುವ ಊರುಗಳು ಈ ತಾಲ್ಲೂಕುಗಳಲ್ಲಿ ಇನ್ನೂ ಇವೆ. ರಣರಂಗಕ್ಕೆ ಬೇಕಾದ ನೆತ್ತರಿಗೂ ಯಾರೂ ಪೇಟೆಗೆ ಹೋಗಬೇಕಿಲ್ಲ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದರೆ ಕೆಂಪಾಗುವುದು ಆರತಿ ಎತ್ತುವ ಪ್ರತಿ ಮನೆಗೂ ಗೊತ್ತು; ಸುಣ್ಣದ ಕ್ಷಾರಗುಣಕ್ಕೆ ಅರಿಶಿನದ ಬಣ್ಣ ತಿರುಗುತ್ತದೆ. ಕ್ಯಾಮೆರಾ ಮುಂದೆ ಇದು ತೀರ ತೆಳುವಾಗಿ ಕಾಣುವುದರಿಂದ, ಗಟ್ಟಿ ಬೆಲ್ಲದ ಪಾಕವನ್ನೂ ಒಂದಿಷ್ಟು ಕುಂಕುಮವನ್ನೂ ಸೇರಿಸಬೇಕು. ಆಗ ಅದು ನೀರಿನಂತೆ ಹರಿದುಹೋಗದೆ ನಿಧಾನವಾಗಿ ಇಳಿಯುತ್ತದೆ. ಕಣ್ಣಿಗೆ, ಬಾಯಿಗೆ ಮಾತ್ರ ಸುಣ್ಣ ತಾಗಿಸಬೇಡಿ.

ಸಿನಿಮಾದ ಮೊದಲ ಮಾಯೆಗಳೂ ಮನೆಯಲ್ಲೇ ಹುಟ್ಟಿದವು. ದಾದಾಸಾಹೇಬ್ ಫಾಲ್ಕೆಯವರು 'ರಾಜಾ ಹರಿಶ್ಚಂದ್ರ'ಕ್ಕೆ (1913) ಕೈಹಾಕುವ ಮುನ್ನ ಬಟಾಣಿ ಕಾಳು ಮೊಳೆತು ಬೆಳೆಯುವುದನ್ನು ಬಿಡಿಬಿಡಿ ಚಿತ್ರಗಳಾಗಿ ತೆಗೆದು ಜೋಡಿಸಿ, ಕಣ್ಣೆದುರೇ ಗಿಡ ಏಳುವಂತೆ ತೋರಿಸಿದ್ದರು. ಫ್ರಾನ್ಸಿನ ಜಾರ್ಜ್ ಮೆಲಿಯೆ ಅದಕ್ಕೂ ಮೊದಲೇ ಕ್ಯಾಮೆರಾ ನಿಲ್ಲಿಸಿ, ಆಳನ್ನು ಸರಿಸಿ, ಮತ್ತೆ ಓಡಿಸಿ ಮನುಷ್ಯರನ್ನು ಮಾಯ ಮಾಡಿದ್ದರು. ರೀಲ್ಸ್‌ನಲ್ಲಿ ಚಿಟಿಕೆ ಹೊಡೆದೊಡನೆ ಬಟ್ಟೆ ಬದಲಾಗುವುದು ಅದೇ ಉಪಾಯ.

ಕನ್ನಡಿಗರಿಗೆ ಹೆಚ್ಚು ಬೆರಗು ತಂದದ್ದು ದ್ವಿಪಾತ್ರ. 'ಬಭ್ರುವಾಹನ'ದಲ್ಲಿ (1977) ರಾಜ್‌ಕುಮಾರ್ ಅರ್ಜುನನಾಗಿಯೂ ಮಗನಾಗಿಯೂ ಎದುರುಬದುರು ನಿಂತರು. ಫಿಲಂ ಕಾಲದಲ್ಲಿ ಇದಕ್ಕಿದ್ದ ಒಂದು ದಾರಿ: ಲೆನ್ಸಿನ ಅರ್ಧ ಭಾಗಕ್ಕೆ ಕಪ್ಪು ಮರೆ ಕಟ್ಟಿ ಒಂದು ಪಾತ್ರವನ್ನು ತೆಗೆಯುವುದು, ಫಿಲಂ ಹಿಂದಕ್ಕೆ ಸುತ್ತಿ ಇನ್ನರ್ಧದಲ್ಲಿ ಮತ್ತೊಂದನ್ನು ತೆಗೆಯುವುದು. ಈಗ ಫೋನನ್ನು ಸ್ಟೂಲಿಗೆ ಬಿಗಿದು ಎರಡು ಸಲ ಚಿತ್ರೀಕರಿಸಿ, ಆ್ಯಪ್‌ನಲ್ಲಿ ಮಾಸ್ಕ್ ಹಾಕಿದರೆ ಮುಗಿಯಿತು. ಕಷ್ಟದ ಭಾಗ ಮಾತ್ರ ಬದಲಾಗಿಲ್ಲ. ಫೋನ್ ಕೂದಲೆಳೆಯಷ್ಟೂ ಅಲುಗಬಾರದು, ಬೆಳಕು ಲಾಕ್ ಆಗಿರಬೇಕು, ನೆರಳು ಗಡಿ ದಾಟಬಾರದು. ಕೂಡುಗೆರೆಯನ್ನು ಪಡಸಾಲೆಯ ಕಂಬದ ಅಂಚಿಗೋ ಬಾಗಿಲ ಚೌಕಟ್ಟಿಗೋ ತಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ವಿಎಚ್‌ಎಸ್ ಕ್ಯಾಸೆಟ್ ಕಾಲದ ಮದುವೆ ವಿಡಿಯೊಗಳು ಮಿಕ್ಸಿಂಗ್ ಎಂಬ ಹೊಸ ಕಸುಬು ತಂದವು. ಗುಲಾಬಿ ಹೂವಿನೊಳಗೆ ಮದುಮಗಳು, ಹೃದಯದ ಚೌಕಟ್ಟಿನಲ್ಲಿ ಜೋಡಿ. ಇವತ್ತು ನಗುವವರಿದ್ದಾರೆ, ಆದರೆ ಹೋಬಳಿ ಮಟ್ಟದ ಸ್ಟುಡಿಯೊಗಳಲ್ಲಿ ಒಂದು ತಲೆಮಾರು ಎಡಿಟಿಂಗ್ ಕಲಿತದ್ದು ಅದರಿಂದಲೇ.

2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಕೈನ್‌ಮಾಸ್ಟರ್‌ನಂಥ ಆ್ಯಪ್‌ಗಳು ಊರೂರಿಗೆ ಹೋದವು, ಆ್ಯಪ್ ಅಳಿಸಿ ಅದರ ಜಾಗದಲ್ಲಿ ಆಕಾಶ ತುಂಬುವ ಹಸಿರು ಬಟ್ಟೆ, ಗ್ರೀನ್ ಮ್ಯಾಟ್, ಮನೆಯ ಗೋಡೆಗೆ ಬಂತು. ಹಸಿರೇ ಏಕೆ? ಚರ್ಮದಲ್ಲಿ ಆ ಬಣ್ಣವಿಲ್ಲ. ಜೊತೆಗೆ ಸಾಮಾನ್ಯ ಸೆನ್ಸರಿನಲ್ಲಿ ಕೆಂಪು, ನೀಲಿಗೆ ಒಂದೊಂದು ಕಣವಿದ್ದರೆ ಹಸಿರಿಗೆ ಎರಡು. ಬಟ್ಟೆಯನ್ನು ಸುಕ್ಕಿಲ್ಲದೆ ಎಳೆದು ಕಟ್ಟಿ, ಆರೇಳು ಅಡಿ ಮುಂದೆ ನಿಂತರೆ ಅದರ ಛಾಯೆ ಕೆನ್ನೆಗೆ ಬೀಳುವುದಿಲ್ಲ. ಹಸಿರಂಚಿನ ಸೀರೆ, ಕೈತುಂಬ ಹಸಿರು ಬಳೆ ಇದ್ದರೆ ಅವೂ ಆಕಾಶದಲ್ಲಿ ಕರಗುತ್ತವೆ. ಆಗ ನೀಲಿ ಬಟ್ಟೆಯೇ ಸರಿ. ಬಟ್ಟೆಯೇ ಬೇಡದ ಮಾಯೆಯೂ ಉಂಟು. ದೂರದ ಮಧುಗಿರಿ ಏಕಶಿಲಾ ಬೆಟ್ಟದ ಬುಡಕ್ಕೆ ಸರಿಯಾಗಿ ಹುಡುಗನೊಬ್ಬ ಅಂಗೈ ಹಿಡಿದರೆ ಗೋವರ್ಧನಗಿರಿ ಎತ್ತಿದ ಕೃಷ್ಣ. ಫೋನಿನ ಸೆನ್ಸರ್ ಚಿಕ್ಕದಾದ್ದರಿಂದ ಕೈಯೂ ಬೆಟ್ಟವೂ ಒಟ್ಟಿಗೆ ಸ್ಪಷ್ಟವಾಗಿರುತ್ತವೆ. ದೊಡ್ಡ ಕ್ಯಾಮೆರಾಗಳಿಗೆ ಇದು ಅಷ್ಟು ಸುಲಭವಲ್ಲ.

ಈ ಹವ್ಯಾಸ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಉಜ್ವಲ್ ಕುಲಕರ್ಣಿ ಸಾಕ್ಷಿ. ಅಭಿಮಾನಿಯಾಗಿ ಎಡಿಟ್ ಮಾಡಿ ಹಾಕುತ್ತಿದ್ದ ವಿಡಿಯೊಗಳನ್ನು ಕಂಡು ನಿರ್ದೇಶಕ ಪ್ರಶಾಂತ್ ನೀಲ್ ಕರೆದರು. 2022ರ 'ಕೆಜಿಎಫ್ ಚಾಪ್ಟರ್ 2' ಸಂಕಲನ ಆ ಎಳೆಯ ಹುಡುಗನ ಕೈಗೆ ಬಂತು.

ಆ್ಯಪ್‌ನ ಸಿದ್ಧ ಟೆಂಪ್ಲೇಟುಗಳು ಒಂದೇ ತಿಂಗಳಿಗೆ ಹಳಸುತ್ತವೆ. ಕ್ಯಾಮೆರಾ ಮುಂದೆ ಕೈಯಾರೆ ಮಾಡಿದ ಹೊಗೆ, ನೆರಳು, ನೆತ್ತರು ಬಾಳಿಕೆ ಬರುತ್ತವೆ. ಅದನ್ನು ಬಲ್ಲ ಸೀನರಿ ಕಟ್ಟುವವರು, ಲೈಟಿನವರು, ಬಣ್ಣ ಹಚ್ಚುವವರು ನಿಮ್ಮೂರಲ್ಲೇ ಇದ್ದಾರೆ, ಅವರಲ್ಲಿ ಅನೇಕರಿಗೆ ವಯಸ್ಸಾಗಿದೆ. ಮುಂದಿನ ಸಲ ಊರಲ್ಲಿ ನಾಟಕವಾದಾಗ ಅಟ್ಟದ ಹಿಂದೆ ಹೋಗಿ, ಅಪ್ಪಣೆ ಕೇಳಿ, ಅವರ ಕೆಲಸವನ್ನು ಫೋನಿನಲ್ಲಿ ದಾಖಲಿಸಿಕೊಳ್ಳಿ.