ಶಾಸನದ ತಿಥಿ, ಕಾಗದದ ತಾರೀಖು

ಕಲ್ಲಿನ ಮೇಲೆ ಬರೆಸಿದವರಿಗೆ ತಮ್ಮ ಓದುಗರು ಯಾರೆಂಬುದು ತಿಳಿದಿರಲಿಲ್ಲ. ದತ್ತಿಯು ಚಂದ್ರಸೂರ್ಯರಿರುವವರೆಗೂ ನಡೆಯಲೆಂದು ಹಾರೈಸಿದವರು ಅದರ ಕಾಲವನ್ನು ಊರಿನವರಿಗೆ ಮಾತ್ರ ಅರ್ಥವಾಗುವಂತೆ ಸೂಚಿಸಿದರೆ ಸಾಲದಷ್ಟೆ. ಆದಕಾರಣವೇ ಇರಬೇಕು, ನಮ್ಮ ಶಾಸನಗಳಲ್ಲಿ ಕಾಲನಿರ್ದೇಶಕ್ಕೊಂದು ಕ್ರಮ ನೆಲೆಗೊಂಡಿತು: ಮೊದಲು ಶಕವರ್ಷ, ಬಳಿಕ ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ಕಡೆಗೆ ವಾರ, ಗ್ರಹಣವೋ ಸಂಕ್ರಮಣವೋ ಒದಗಿದ್ದರೆ ಅದೂ ಸೇರುತ್ತಿತ್ತು.

ಆಲಂಕಾರಿಕರು ದೋಷವೆಂದೆಣಿಸಿದ ಪುನರುಕ್ತಿ ಇಲ್ಲಿ ಇತಿಹಾಸಕಾರನಿಗೆ ಆಸರೆಯಾಗಿದೆ. ಐಹೊಳೆಯ ಮೇಗುಟಿ ಬಸದಿಯ ಸಂಸ್ಕೃತ ಶಾಸನದಲ್ಲಿ ರವಿಕೀರ್ತಿಯು ಭಾರತಯುದ್ಧದಿಂದ 3735 ವರ್ಷಗಳೂ ಶಕರಾಜರ ಕಾಲದ 556 ವರ್ಷಗಳೂ ಕಳೆದುವೆಂದು ಎರಡು ಲೆಕ್ಕ ಕೊಡುತ್ತಾನೆ. ಕಲಿ ಶಕಗಳ ಅಂತರ 3179. ಕಳೆದು ನೋಡಿದರೆ ಎರಡೂ ಸರಿಹೊಂದುತ್ತವೆ. ಶಾಸನವು ಕ್ರಿ.ಶ. 634-35ರದೆಂದೂ, ಅದರಲ್ಲಿ ಹೆಸರು ಬಂದಿರುವ ಕಾಳಿದಾಸ ಭಾರವಿಗಳು ಅದಕ್ಕಿಂತ ಈಚಿನವರಲ್ಲವೆಂದೂ ನಾವು ನೆಮ್ಮದಿಯಿಂದ ಹೇಳುವುದು ಈ ಜೋಡಿ ಲೆಕ್ಕದ ಬಲದಿಂದ.

ಹಾಗೆಂದು ತೊಡಕುಗಳಿಲ್ಲದೆ ಇಲ್ಲ. ಹೇಳಿದ ಶಕವರ್ಷ ಕಳೆದುದೋ ನಡೆಯುತ್ತಿರುವುದೋ ಎಂಬ ಸಂದೇಹದಿಂದಲೇ ಒಂದು ವರ್ಷ ಹೆಚ್ಚುಕಡಿಮೆಯಾಗುತ್ತದೆ. ಅಂಥಲ್ಲಿ ವಾರವೇ ಸಾಕ್ಷಿ. ತಿಥಿ ವಾರಗಳೆರಡೂ ಕೂಡಿಬರುವ ವರ್ಷವನ್ನು ಹುಡುಕಬೇಕು. ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆಯವರು ಕ್ರಿ.ಶ. 700ರಿಂದ 1799ರವರೆಗಿನ ಪಂಚಾಂಗವನ್ನು 1922ರಲ್ಲಿ ಸಂಪುಟಗಳಾಗಿ ಹೊರತಂದುದು ಈ ಹುಡುಕಾಟಕ್ಕೆ ಮಹೋಪಕಾರವಾಯಿತು. ಹೇಗೆ ಗುಣಿಸಿದರೂ ಕೂಡಿಬಾರದಿದ್ದರೆ, ಅದು ಕಂಡರಿಸಿದವನ ಕೈತಪ್ಪೋ ಕೂಟಶಾಸನವೋ ಎಂಬ ವಿಚಾರ ಏಳುತ್ತದೆ. ಇನ್ನು, ಸಂವತ್ಸರದ ಹೆಸರನ್ನಷ್ಟೇ ಬರೆದು ಶಕವರ್ಷವನ್ನು ಬಿಟ್ಟ ಬರಹಗಳ ಪಾಡು ಬೇರೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ ಅಜ್ಜನ ಬರಹವೋ ಮೊಮ್ಮಗನದೋ ತಿಳಿಯದಾಗುತ್ತದೆ.

ಕಂಪ್ಯೂಟರುಗಳಲ್ಲಿ ವರ್ಷದ ಕೊನೆಯ ಎರಡೇ ಅಂಕಿಗಳನ್ನು ತುಂಬಿಟ್ಟು, 2000ನೆಯ ಇಸವಿ ಸಮೀಪಿಸಿದಾಗ ಲೋಕವೆಲ್ಲ ಕಳವಳಪಟ್ಟುದು ಈ ಹಳೆಯ ತೊಡಕಿನ ಹೊಸ ರೂಪವೇ. ಕಾಗದಗಳಲ್ಲಿ ಇನ್ನೊಂದು ತೊಂದರೆ ಉಂಟು. 4-7-62 ಎಂದು ಬರೆದರೆ ನಮಗೂ ಆಂಗ್ಲರಿಗೂ ಜುಲೈ ನಾಲ್ಕು, ಅಮೆರಿಕದವರಿಗೆ ಏಪ್ರಿಲ್ ಏಳು. ಕೆಲಕಾಲ ಅಲ್ಲಿದ್ದು ಬಂದ ಸಾಹಿತಿಯೊಬ್ಬರ ಪತ್ರಗಳನ್ನು ಸಂಪಾದಿಸುವವರು, ಯಾವ ಪತ್ರ ಮೊದಲು, ಯಾವುದು ಅದಕ್ಕೆ ಉತ್ತರ ಎಂದು ಹೇಗೆ ನಿರ್ಣಯಿಸಬೇಕು?

ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1988ರಲ್ಲಿ ಪ್ರಕಟಿಸಿದ 8601 ಎಂಬ ಸಂಖ್ಯೆಯ ಮಾನಕವು ವರ್ಷ, ತಿಂಗಳು, ದಿನ ಎಂಬ ಕ್ರಮವನ್ನು ವಿಧಿಸಿತು: 1962-07-04. ವರ್ಷಕ್ಕೆ ನಾಲ್ಕಂಕಿ, ಉಳಿದವಕ್ಕೆ ಎರಡೆರಡು. ಹೀಗೆ ಬರೆದವನ್ನು ಬರಿಯ ಅಂಕಿಗಳ ಕ್ರಮದಲ್ಲಿ ಜೋಡಿಸಿದರೂ ಕಾಲಾನುಕ್ರಮವೇ ಬರುತ್ತದೆ. ಯಂತ್ರಕ್ಕೆ ಬೇಕಾದುದೂ ಅದೇ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಈ ನಡೆ ನಮ್ಮ ಶಾಸನಗಳನ್ನು ಓದಿದವರಿಗೆ ಹೊಸತೆನಿಸದು. ಆದರೆ ಒಂದಂಕಿ ತಪ್ಪಿಬಿದ್ದರೆ ಹಿಡಿದುಕೊಡಲು ಇಲ್ಲಿ ವಾರದ ಸಾಕ್ಷಿಯಿಲ್ಲ. ಯಂತ್ರಕ್ಕೆ ಈ ಕ್ರಮವಿರಲಿ. ಮನುಷ್ಯರಿಗೆ ಬರೆಯುವಾಗ ತಿಂಗಳನ್ನು ಅಕ್ಷರದಲ್ಲಿಯೂ ಜೊತೆಗೆ ವಾರವನ್ನೂ ಬರೆಯುವುದು ಲೇಸೆಂದು ನನ್ನ ಅಭಿಪ್ರಾಯ. ಮದುವೆಯ ಕರೆಯೋಲೆಗಳಲ್ಲಿ ಸಂವತ್ಸರದಿಂದ ವಾರದವರೆಗೆ ಎಲ್ಲವನ್ನೂ ಇನ್ನೂ ಅಚ್ಚು ಹಾಕಿಸುತ್ತಿದ್ದೇವಲ್ಲ!