ಹಳೆಯ ವಸ್ತುಗಳ ಸಂಗ್ರಹ : ಕರ್ನಾಟಕದಲ್ಲಿ ಅದರ ಚರಿತ್ರೆ

ಬಳಕೆ ತಪ್ಪಿಹೋದ ವಸ್ತುಗಳನ್ನು ಮಾರುವ ಉದ್ದೇಶವಿಲ್ಲದೆ ಕೂಡಿಡುವ ಹವ್ಯಾಸ. ಅಳತೆಯ ಪಾತ್ರೆ, ದೀಪ, ಅಡಕತ್ತರಿ, ಪುಸ್ತಕ, ಕೊನೆಗೆ ಇಡೀ ಮನೆಗಳೂ ಇದರೊಳಗೆ ಬರುತ್ತವೆ. ಈ ವಿಷಯದ ಬರಹಗಳಲ್ಲಿ ಎರಡು ಗೊಂದಲಗಳು ಪದೇಪದೇ ಕಾಣುತ್ತವೆ. ಅರಮನೆ, ಸರ್ಕಾರಗಳ ವಸ್ತುಸಂಗ್ರಹಾಲಯವನ್ನೂ ಒಬ್ಬ ವ್ಯಕ್ತಿ ತನ್ನ ಸಂಬಳದಲ್ಲಿ ಕೂಡಿಟ್ಟದ್ದನ್ನೂ ಒಂದೇ ಸಾಲಿನಲ್ಲಿ ಹೇಳಿಬಿಡುವುದು ಒಂದು. ಕೂಡಿಟ್ಟವರ ಹೆಸರು ಉಳಿದು ಕೊಟ್ಟವರ ಹೆಸರು ಅಳಿದುಹೋಗಿರುವುದು ಇನ್ನೊಂದು.

ಮೊದಲ ಹಂತದ ಚರಿತ್ರೆ ಎಲ್ಲರಿಗೂ ಗೊತ್ತಿರುವಂಥದು. 1865ರಲ್ಲಿ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ, 1891ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿ, 1915ರಲ್ಲಿ ಜಗನ್ಮೋಹನ ಅರಮನೆಯ ಚಿತ್ರಶಾಲೆ ಆರಂಭವಾದವು. ಅಕ್ಕಿಕಾಳಿನ ಮೇಲೆ ಬರೆದ, ಭೂತಗನ್ನಡಿ ಹಿಡಿದರಷ್ಟೇ ಕಾಣುವ ಚಿತ್ರಗಳು ಜಗನ್ಮೋಹನದ ಹೆಸರುವಾಸಿ ವಸ್ತುಗಳಲ್ಲಿ ಸೇರಿವೆ. ಓರಿಯಂಟಲ್ ಲೈಬ್ರರಿಯ ಹೆಸರು ಲೋಕಕ್ಕೆಲ್ಲ ತಿಳಿದದ್ದು ಒಂದು ತಾಳೆಗರಿ ಕಟ್ಟಿನಿಂದ. ಆರ್. ಶಾಮಶಾಸ್ತ್ರಿ ಅದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಕಟ್ಟನ್ನು ತಂದುಕೊಟ್ಟವರು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಎಂದಷ್ಟೇ ಪ್ರಸಿದ್ಧ. ಅಷ್ಟು ದೊಡ್ಡ ಗ್ರಂಥವನ್ನು ತಲೆತಲಾಂತರದಿಂದ ಹುಳು ಹಿಡಿಯದಂತೆ ಕಾಪಾಡಿದ ಮನೆಗೆ ಚರಿತ್ರೆಯಲ್ಲಿ ಒಂದು ಹೆಸರಿಲ್ಲ.

ಸಾಮಾನ್ಯರ ಸಂಗ್ರಹಕ್ಕೆ ತಿರುವು ಸಿಕ್ಕಿದ್ದು ಅಳತೆ, ನಾಣ್ಯಗಳು ಬದಲಾದಾಗ. ವಸ್ತುಸಂಗ್ರಹಾಲಯಗಳು ಸ್ಥಾಪನೆಯಾದ ವರ್ಷಗಳಿಗಿಂತ ಈ ವರ್ಷಗಳೇ ಇಲ್ಲಿ ಮುಖ್ಯ. 1956ರ ತೂಕ ಮತ್ತು ಅಳತೆ ಕಾಯ್ದೆಯೂ 1957ರ ಏಪ್ರಿಲ್ 1ರಿಂದ ಚಲಾವಣೆಗೆ ಬಂದ ನಯಾ ಪೈಸೆಯೂ ಕೆಲವೇ ವರ್ಷಗಳಲ್ಲಿ ಸೇರು, ಪಾವು, ಕೊಳಗ, ಆಣೆಗಳನ್ನು ಅಂಗಡಿಯಿಂದ ಹೊರಹಾಕಿದವು. ಆ ಕಾಲದ ಒಂದು ಸೇರನ್ನು ಕೈಗೆತ್ತಿಕೊಂಡು ನೋಡಿದರೆ ಮೈಮೇಲೆ ತಪಾಸಣೆಯ ಮುದ್ರೆ ಒತ್ತಿರುತ್ತದೆ, ಅಕ್ಕಿ ಗೋರಿ ಗೋರಿ ಬಾಯಿಯ ಒಂದು ಮಗ್ಗುಲು ಸವೆದಿರುತ್ತದೆ. ಎರಡು ಪಾವಿಗೆ ಒಂದು ಅಚ್ಚೇರು, ಎರಡು ಅಚ್ಚೇರಿಗೆ ಒಂದು ಸೇರು. ಅಂಗಡಿಯಲ್ಲಿ ಈ ಲೆಕ್ಕ ಹೋದರೂ ಅಡುಗೆಮನೆಯಲ್ಲಿ ಪಾವು ಉಳಿಯಿತು. ಮನೆ ತುಂಬಿಸಿಕೊಳ್ಳುವಾಗ ಸೊಸೆ ಒದೆಯಬೇಕಾದದ್ದು ಸೇರಕ್ಕಿಯನ್ನೇ. ಅದೊಂದು ಶಾಸ್ತ್ರಕ್ಕಾಗಿಯೇ ಅಟ್ಟದ ಮೇಲೆ ಸೇರನ್ನು ಜೋಪಾನ ಮಾಡಿದ ಮನೆಗಳು ಲೆಕ್ಕವಿಲ್ಲದಷ್ಟಿವೆ. ಅಂಥವರನ್ನು ಯಾರೂ ಸಂಗ್ರಾಹಕರೆಂದು ಕರೆಯುವುದಿಲ್ಲ, ಅವರೂ ಹಾಗೆಂದುಕೊಂಡಿಲ್ಲ. ಶಾಸ್ತ್ರದ ಆಸರೆ ಇಲ್ಲದ ಉಳಿದ ಹಿತ್ತಾಳೆ, ತಾಮ್ರಗಳು ತೂಕಕ್ಕೆ ಹೋಗಿ ಬದಲಿಗೆ ಸ್ಟೀಲು ಬಂತು.

ಹಾಗೆ ಹೊರಬಿದ್ದದ್ದನ್ನು ಎತ್ತಿಕೊಳ್ಳುವ ಕೆಲಸ 1960ರ ದಶಕದ ಕೊನೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಶುರುವಾಯಿತು. ಕಲಾವಿದ ಪಿ. ಆರ್. ತಿಪ್ಪೇಸ್ವಾಮಿ ಊರೂರು ಸುತ್ತಿ ತಂದ ವಸ್ತುಗಳು ಜಯಲಕ್ಷ್ಮೀ ವಿಲಾಸದ ಜಾನಪದ ವಸ್ತುಸಂಗ್ರಹಾಲಯದಲ್ಲಿ ಸೇರಿದವು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಅಲ್ಲಿನ ಲೋಕಮಾತಾ ಮಂದಿರದಲ್ಲಿ ಪಾವು, ಸೇರುಗಳೂ ಕಾಳು ತುಂಬುವ ವಾಡೆಗಳೂ ಗೃಹಬಳಕೆಯ ಇತರ ಸಾಮಾನುಗಳ ಜೊತೆ ಕೂತಿವೆ.

ಎಲ್ಲವನ್ನೂ ಉಳಿಸಿಕೊಳ್ಳಬೇಕೆಂಬುದು ನಮ್ಮ ಸಂಪ್ರದಾಯದ ಮಾತೇನಲ್ಲ. ಜೀರ್ಣವಾದ ಮೂರ್ತಿಯನ್ನು ನೀರಿಗೆ ಬಿಡಬೇಕು, ಭಿನ್ನವಾದದ್ದನ್ನು ಪೂಜೆಯಲ್ಲಿ ಇಡಬಾರದು ಎಂಬುದೇ ರೂಢಿ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನದಲ್ಲಿ ಈ ರೂಢಿಯೂ ಸಂಗ್ರಹದ ಆಸೆಯೂ ಎದುರುಬದುರಾದವು. ಅಲ್ಲಿನ ಆಳೆತ್ತರದ, ಬಣ್ಣ ಬಳಿದ ಮರದ ಭೂತಮೂರ್ತಿಗಳು ಶಿಥಿಲವಾದಾಗ, 1960ರ ದಶಕದಲ್ಲಿ, ಹೊಸದಾಗಿ ಕೆತ್ತಿಸಿ ಕೂರಿಸಿದರು. ಹಳೆಯವುಗಳಲ್ಲಿ ಹಲವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯಕ್ಕೆ ಹೋಗಿ, ಅಲ್ಲಿ ಭೂತಗಳಿಗೆಂದೇ ಒಂದು ವಿಭಾಗವಾಯಿತು. ಕಲಾ ಚರಿತ್ರೆಕಾರರು ಇದನ್ನು ಉಳಿಸಿದ ಕಥೆಯಾಗಿ ಬರೆಯುತ್ತಾರೆ. ಊರಿನ ಲೆಕ್ಕದಲ್ಲಿ ನೋಡಿದರೆ, ದೈವದ ಸಾನ್ನಿಧ್ಯ ಹೊಸ ಮೂರ್ತಿಗೆ ಬಂದ ಮೇಲೆ ಹಿಂದೆ ಉಳಿದದ್ದು ಮರ. ಇವೆರಡು ನೋಟಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನಷ್ಟೇ ಹೇಳುವ ಬರಹ ಪೂರ್ಣವಲ್ಲ.

ಹೆಚ್ಚು ಚರ್ಚೆಗೆ ಬಂದಿರುವ ಸಂಗ್ರಹಗಳಲ್ಲೊಂದು ಮಣಿಪಾಲದ ಹಸ್ತಶಿಲ್ಪ ಎಂಬ ಹಳೆಯ ಮನೆಗಳ ಸಂಗ್ರಹ. ಸಿಂಡಿಕೇಟ್ ಬ್ಯಾಂಕಿನ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ (ಮರಣ 2017) ಕೆಡವುತ್ತಿದ್ದ ಹಳೆಯ ಮನೆಗಳಿಂದ ಕಂಬ, ಬೋದಿಗೆ, ಬಾಗಿಲು, ಮುಚ್ಚಿಗೆಗಳನ್ನು ಕೊಂಡು ತಂದು ಅವುಗಳಿಂದಲೇ ತಮ್ಮ ವಾಸದ ಮನೆ ಕಟ್ಟಿಕೊಂಡರು. ಅದನ್ನು ನೋಡಲು ಜನ ಬರತೊಡಗಿದರು. ಮುಂದೆ ಅವರು ಬಿಡಿ ಭಾಗಗಳನ್ನು ಬಿಟ್ಟು ಇಡೀ ಮನೆಗಳಿಗೇ ಕೈಹಾಕಿದರು. ಕುಂಜೂರಿನ ಚೌಕಿ ಮನೆ, ಭಟ್ಕಳದ ನವಾಯತರ ಮನೆ, ಮುಧೋಳದ ದರ್ಬಾರ್ ಹಾಲ್, ಕುಕನೂರಿನ ಕಮಲ ಮಹಲ್ ಸೇರಿ ಇಪ್ಪತ್ತಕ್ಕೂ ಹೆಚ್ಚು ಕಟ್ಟಡಗಳು ಹೀಗೆ ಮಣಿಪಾಲಕ್ಕೆ ಬಂದವು. ತೊಲೆ, ಜಂತಿಗಳಿಗೆ ಒಂದೊಂದಕ್ಕೂ ಗುರುತು ಹಾಕಿ, ಬಿಚ್ಚಿ, ಲಾರಿಯಲ್ಲಿ ಸಾಗಿಸಿ, ಅದೇ ಕ್ರಮದಲ್ಲಿ ಮತ್ತೆ ಜೋಡಿಸುವುದು ಅವರ ವಿಧಾನ. ಇದು ಸಾಧ್ಯವಾದದ್ದಕ್ಕೆ ಹಳೆಯ ಆಚಾರಿಗಳ ಕಸುಬೂ ಕಾರಣ. ಮೊಳೆಗಿಂತ ಕುಸುರು, ಬೆಣೆಗಳನ್ನೇ ನಂಬಿ ಕೂಡಿಸಿದ ಮರಗೆಲಸವನ್ನು ಮುರಿಯದೆ ಬಿಚ್ಚಬಹುದು, ಕಾಂಕ್ರೀಟನ್ನು ಹಾಗೆ ಬಿಚ್ಚಲಾಗದು.

ಅಷ್ಟು ಮನೆಗಳು ಒಂದೇ ಕಾಲಕ್ಕೆ ಕೆಡವುವ ಸ್ಥಿತಿಗೆ ಬಂದದ್ದೇಕೆ ಎಂಬುದನ್ನು ಪ್ರವಾಸಿ ಕೈಪಿಡಿಗಳು ಹೇಳುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಕರಾವಳಿಯ ಅಳಿಯಕಟ್ಟಿನ (ಆಸ್ತಿ ತಾಯಿಯ ಕಡೆಯಿಂದ ಇಳಿಯುವ) ಕೂಡುಕುಟುಂಬಗಳಲ್ಲಿ ಪಾಲುಪಟ್ಟಿ ಹೆಚ್ಚಿತು. 1974ರ ಭೂಸುಧಾರಣೆಯಿಂದ ಗೇಣಿ ನಿಂತಿತು. ಗೇಣಿಯ ಅಕ್ಕಿಯಿಂದ ನಡೆಯುತ್ತಿದ್ದ ದೊಡ್ಡ ಮನೆಗೆ ಮಳೆಗಾಲದ ಮುನ್ನ ಹೆಂಚು ಕೈಯಾಡಿಸುವ ಖರ್ಚೂ ಭಾರವಾಯಿತು. ಒಕ್ಕಲಿಗೆ ಹೊಲ ದಕ್ಕಿಸಿಕೊಟ್ಟ ಕಾಯ್ದೆಯೇ ಒಡೆಯನ ಚೌಕಿ ಮನೆಯನ್ನು ಸಡಿಲಿಸಿತು. ಆದ್ದರಿಂದ ಹಸ್ತಶಿಲ್ಪವನ್ನು ವೈಭವದ ಪ್ರದರ್ಶನ ಎನ್ನುವುದಕ್ಕಿಂತ ಒಂದು ಸಾಮಾಜಿಕ ಬದಲಾವಣೆಯ ದಾಖಲೆ ಎನ್ನುವುದೇ ಸರಿ.

ಮನೆಯನ್ನು ಬೇರುಸಹಿತ ಕೀಳಬಹುದೇ ಎಂಬ ತಕರಾರೂ ಇದೆ. ಸ್ಮಾರಕವನ್ನು ಅದರ ನೆಲೆಯಿಂದ ಕದಲಿಸಬಾರದು, ಉಳಿಸಲು ಬೇರೆ ದಾರಿಯೇ ಇಲ್ಲದಿದ್ದರೆ ಹಾಗೆ ಮಾಡಬಹುದು ಎನ್ನುತ್ತದೆ 1964ರ ವೆನಿಸ್ ಸನ್ನದು. ಶೆಣೈ ಅವರ ಪರವಾಗಿ ಹೇಳಬಹುದಾದದ್ದು ಇದೇ ವಿನಾಯಿತಿ. ಅವರೇ ಮೊದಲಿಗರು ಎಂಬ ಮಾತು ಮಾತ್ರ ನಿಲ್ಲದು. ಸ್ಟಾಕ್‌ಹೋಮಿನ ಸ್ಕಾನ್ಸೆನ್ ಬಯಲು ಸಂಗ್ರಹಾಲಯಕ್ಕೆ 1891ರಿಂದಲೇ ಹಳ್ಳಿಮನೆಗಳು ಸ್ಥಳಾಂತರವಾಗುತ್ತಿದ್ದವು. ಪುಣೆಯ ದಿನಕರ ಕೇಳ್ಕರ್ ಕೂಡ ಕೋಥರೂಡಿನ ಮಸ್ತಾನಿ ಮಹಲನ್ನು ತಮ್ಮ ಸಂಗ್ರಹಾಲಯದೊಳಗೆ ಮರುಜೋಡಿಸಿದ್ದರು. ತೀರಿಹೋದ ಮಗ ರಾಜಾನ ಹೆಸರಿನಲ್ಲಿ ಅವರು ಕೂಡಿಟ್ಟ ದೀಪ, ಅಡಕತ್ತರಿ, ವಾದ್ಯಗಳೆಲ್ಲ ಮುಂದೆ ಮಹಾರಾಷ್ಟ್ರ ಸರ್ಕಾರದ ವಶಕ್ಕೆ ಬಂದವು.

ಪುಸ್ತಕ ಸಂಗ್ರಹದಲ್ಲಿ ಒಂದು ಭಾಷೆಯದನ್ನೆಲ್ಲ ಕೂಡಿಡಬೇಕೆಂಬ ಹಟ ಒಂದು ಬಗೆ. 1893ರಲ್ಲಿ ಠಾಣೆಯಲ್ಲಿ ವಿ. ಎಲ್. ಭಾವೆ ಮೊದಲಾದವರು ಸ್ಥಾಪಿಸಿದ ಮರಾಠಿ ಗ್ರಂಥ ಸಂಗ್ರಹಾಲಯ ಅಂಥದು. ಸಿಕ್ಕಿದ್ದನ್ನೆಲ್ಲ ಕೂಡಿಡುವುದು ಇನ್ನೊಂದು ಬಗೆ. ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ ಎಂ. ಅಂಕೇಗೌಡರ ಪುಸ್ತಕ ಮನೆ ಇದಕ್ಕೆ ಮಾದರಿ. ಬಸ್ ಕಂಡಕ್ಟರಾಗಿ, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅವರು ಸಂಬಳದ ಬಹುಪಾಲನ್ನು ಪುಸ್ತಕಕ್ಕೇ ಸುರಿದರು. ಪುಸ್ತಕಗಳ ಸಂಖ್ಯೆ ಒಂದು ವರದಿಯಲ್ಲಿ 5 ಲಕ್ಷ, ಇನ್ನೊಂದರಲ್ಲಿ 20 ಲಕ್ಷ. ಕಪಾಟು ಮೀರಿ ಪುಸ್ತಕಗಳು ನೆಲದ ಮೇಲೆ ರಾಶಿಯಾಗಿ, ಮೂಟೆಯಾಗಿ ಇರುವಲ್ಲಿ ಯಾವ ಅಂಕಿಯನ್ನೂ ಅಂದಾಜೆಂದೇ ತಿಳಿಯಬೇಕು. ಯಾರು ಬೇಕಾದರೂ ಬಂದು ಬಿಟ್ಟಿಯಾಗಿ ಓದಬಹುದು ಎಂಬುದರಲ್ಲಿ ಮಾತ್ರ ಎಲ್ಲ ವರದಿಗಳೂ ಒಂದಾಗುತ್ತವೆ.

ಕೂಡಿಡುವುದಕ್ಕೆ ಕಾರಣ ಪ್ರೀತಿ, ಹವ್ಯಾಸ, ಗೀಳು ಎಂದೆಲ್ಲ ಬರೆಯುವುದು ವಾಡಿಕೆ. ಮೇಲಿನ ಉದಾಹರಣೆಗಳಲ್ಲಿ ಕಾಣುವುದು ಅಷ್ಟು ಮಾತ್ರವಲ್ಲ. ಹೆಚ್ಚಿನವು ಕಾಯ್ದೆಯೋ ರೂಢಿಯೋ ಹೊಸ ಲೋಹವೋ ಹೊರಗೆ ತಳ್ಳಿದ್ದನ್ನು ಗುಜರಿಗೆ ಮೊದಲು ತಲುಪಿ ಎತ್ತಿಕೊಂಡ ಪ್ರಸಂಗಗಳು. ಸರ್ಕಾರದ ರಕ್ಷಣೆ ಇವುಗಳಲ್ಲಿ ಕೆಲವಕ್ಕಷ್ಟೇ ಸಿಗುತ್ತದೆ. 1972ರಲ್ಲಿ ಅಂಗೀಕಾರವಾಗಿ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿರುವ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ದಾಟಿದ ಕಲಾಕೃತಿಗಳಿಗೂ ಎಪ್ಪತ್ತೈದು ವರ್ಷ ದಾಟಿದ ಮೌಲಿಕ ಹಸ್ತಪ್ರತಿಗಳಿಗೂ ಅನ್ವಯಿಸುತ್ತದೆ. 1950ರ ದಶಕದ ಮುದ್ರೆಯಿರುವ ಸೇರಿಗೆ ಅದು ತಗುಲುವುದಿಲ್ಲ. ಅದನ್ನು ಇಂದಿಗೂ ಯಾರು ಬೇಕಾದರೂ ತೂಕಕ್ಕೆ ಹಾಕಬಹುದು.