ಪುಷ್ಯದಿಂದ ಈಸ್ಟರಿಗೆ: ಆರಾಧನೆಯ ಗೋಷ್ಠಿಗಾಯನ

ಹೊನ್ನಾಳಿಯಲ್ಲಿ ತುಂಗಭದ್ರೆಯ ದಡಕ್ಕೆ ರಾಘವೇಂದ್ರಸ್ವಾಮಿಗಳ ಮಠವಿದೆ. ನ್ಯಾಮತಿ, ಚನ್ನಗಿರಿ, ಜಗಳೂರು ಸೀಮೆಯ ಮಾಧ್ವರ ಮನೆಗಳಲ್ಲಿ ಆರಾಧನೆ ಎಂದರೆ ಮೊದಲು ನೆನಪಾಗುವುದು ಶ್ರಾವಣ ಬಹುಳದ ರಾಯರ ಆರಾಧನೆಯೇ: ಪಂಚಾಮೃತ, ಹಸ್ತೋದಕ, ಬಾಳೆಲೆಯ ಪಂಕ್ತಿ. ಭಜನೆ ಇರುತ್ತದೆ, ಆದರೆ ಮುಖ್ಯವಾದದ್ದು ತಿಥಿ. ಆರಾಧನೆ ಎಂಬ ಮಾತಿಗೆ ಸಂಗೀತೋತ್ಸವ ಎಂಬ ಅರ್ಥ ಗಟ್ಟಿಯಾಗಿ ಅಂಟಿದ್ದು ಇಪ್ಪತ್ತನೆಯ ಶತಮಾನದಲ್ಲಿ.

ತ್ಯಾಗರಾಜರು ತಿರುವಯ್ಯಾರಿನಲ್ಲಿ ತೀರಿಕೊಂಡದ್ದು 1847ರ ಪುಷ್ಯ ಬಹುಳ ಪಂಚಮಿಯಂದು. ಹಾಳುಬಿದ್ದಿದ್ದ ಅವರ ಸಮಾಧಿಗೆ 1920ರ ದಶಕದಲ್ಲಿ ಸ್ವಂತ ಸಂಪಾದನೆ ಸುರಿದು ಗುಡಿ ಕಟ್ಟಿಸಿದವರು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ಗುಡಿ ಕಟ್ಟಿಸಿದವರಿಗೇ ಅಲ್ಲಿ ಹಾಡುವ ಹಕ್ಕಿರಲಿಲ್ಲ, ಹೆಂಗಸೆಂಬ ಕಾರಣಕ್ಕೆ. ಆಕೆ ಬೇರೆಯೇ ಒಂದು ಹೆಂಗಸರ ಗುಂಪು ಕಟ್ಟಿಕೊಂಡು ಹಾಡಿಸಿದರು. ಆರಾಧನೆ ನಡೆಸುವ ಗಂಡಸರ ಎರಡು ಬಣಗಳು ಮೊದಲೇ ಇದ್ದವು. ಮೂರೂ ಒಂದಾದದ್ದು 1940ರ ಸುಮಾರಿಗೆ. ತ್ಯಾಗರಾಜರು ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳಲ್ಲಿ ರಚಿಸಿದ ಪಂಚರತ್ನ ಕೃತಿಗಳನ್ನು ಎಲ್ಲರೂ ಒಟ್ಟಿಗೆ ಗೋಷ್ಠಿಯಾಗಿ ಹಾಡುವ ಪದ್ಧತಿ ಬಂದದ್ದೂ ಆ ಹೊತ್ತಿಗೇ. ಸಲಹೆ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರದೆನ್ನುತ್ತಾರೆ. ಮೈಸೂರು ಆಸ್ಥಾನದಲ್ಲಿದ್ದಾಗ ಚಾಮುಂಡೇಶ್ವರಿಯ ಮೇಲೆ 108 ಕನ್ನಡ ಕೃತಿಗಳನ್ನು ರಚಿಸಿದವರು ಇವರೇ.

ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1978ರಲ್ಲಿ, ಚರ್ಚೊಂದರ ನೆಲಮಾಳಿಗೆಯಲ್ಲಿ, ಸುಮಾರು 75 ಜನ ಸೇರಿ ಇದೇ ಗೋಷ್ಠಿಯನ್ನು ಹಾಡಿದರು. ಪುಷ್ಯ ಮಾಸದಲ್ಲಿ ಅಲ್ಲಿ ಹಿಮ. ಆದ್ದರಿಂದ ಉತ್ಸವ ಈಸ್ಟರ್ ರಜೆಯ ಹೊತ್ತಿಗೆ ಸರಿಯಿತು. ಪಂಚಾಂಗ ಬಿಟ್ಟರೆಂದು ಮೂಗು ಮುರಿಯುವವರಿದ್ದಾರೆ. ಭಾನುವಾರ ನೋಡಿಕೊಂಡು ಆರಾಧನೆ ಇಟ್ಟುಕೊಳ್ಳುವ ನಮ್ಮ ಸಣ್ಣ ಊರುಗಳವರು ಹಾಗೆನ್ನಲಾಗದು. ಇನ್ನು ‘ಅನುಕರಣೆ’ ಎಂಬ ಆಕ್ಷೇಪ: ಮೂಲ ಗೋಷ್ಠಿಗೇ ಆಗ ನಲವತ್ತು ವರ್ಷವೂ ತುಂಬಿರಲಿಲ್ಲ.

ಗೋಷ್ಠಿ ಇಷ್ಟು ಸಲೀಸಾಗಿ ಕಡಲು ದಾಟಿದ್ದೇಕೆ? ಕಛೇರಿ ಮಾಡುವಷ್ಟು ವಿದ್ವತ್ತು ಬೇಕಿಲ್ಲ. ಐದೂ ಆದಿತಾಳ; ತೊಡೆಯ ಮೇಲೆ ಪುಸ್ತಕ, ಸ್ವರ ತಪ್ಪಿದರೆ ಪಕ್ಕದವರ ದನಿಯ ಆಸರೆ. ವರಾಳಿಯನ್ನು ಗುರು ಶಿಷ್ಯನಿಗೆ ನೇರವಾಗಿ ಹೇಳಿಕೊಟ್ಟರೆ ಸಂಬಂಧ ಕೆಡುತ್ತದೆಂಬ ನಂಬಿಕೆ ಹಳೆಯದು, ಕೇಳಿಯೇ ಕಲಿಯಬೇಕು. ಅದಕ್ಕೆ ಗೋಷ್ಠಿಗಿಂತ ಒಳ್ಳೆಯ ಪಾಠಶಾಲೆ ಯಾವುದು?

ಕನ್ನಡಿಗರು ಇದೇ ಅಚ್ಚಿನಲ್ಲಿ ಪುರಂದರದಾಸರ ಒಂಬತ್ತು ಪದಗಳನ್ನು ನವರತ್ನಮಾಲಿಕೆಯಾಗಿ ಪೋಣಿಸಿಕೊಂಡು ಇಲ್ಲಿಯೂ ಹೊರದೇಶಗಳಲ್ಲಿಯೂ ಹಾಡುತ್ತಾರೆ. ದಾಸರ ಪುಣ್ಯದಿನ 1564ರ ಪುಷ್ಯ ಬಹುಳ ಅಮಾವಾಸ್ಯೆ, ತ್ಯಾಗರಾಜರ ಪಂಚಮಿಯಿಂದ ಹತ್ತೇ ದಿನ. ಹೊನ್ನಾಳಿ ದಾಟಿದ ಹೊಳೆ ಹರಿಹರದ ಮೇಲೆ ಹಾದು, ಹೊಸಪೇಟೆಯ ಅಣೆಕಟ್ಟಿನಲ್ಲಿ ನಿಂತು, ಹಂಪಿಯ ಪುರಂದರ ಮಂಟಪದ ಮಗ್ಗುಲಿಗೆ ಬರುತ್ತದೆ. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಂಟಪ ಮುಳುಗುತ್ತದೆ. ಪುಷ್ಯದ ಹೊತ್ತಿಗೆ ನೀರು ಇಳಿದು ಕಲ್ಲು ಒಣಗಿರುತ್ತದೆ, ಜಮಖಾನ ಹಾಸಿ ತಂಬೂರಿ ಶ್ರುತಿ ಮಾಡಿಕೊಳ್ಳಬಹುದು.